ಜೋಡಿ ಕತ್ತಿಯ ಗುರುತೊಂದನ್ನೇ ನಂಬಿ ಪಿಂಗಾಣಿ ಪ್ರಾಣಿಗಳನ್ನು ಕೊಳ್ಳಬಹುದೇ?

ಗೊಂಬೆಮನೆ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಪ್ರತಿ ವರ್ಷವೂ ಒಂದು ಪಿಂಗಾಣಿ ನಾಯಿಯನ್ನು ಇಡುತ್ತೇವೆ. ಚಪ್ಪಟೆ ಮೂತಿ, ಸುಕ್ಕುಗಟ್ಟಿದ ಹಣೆ, ಕೊರಳಲ್ಲಿ ನೀಲಿ ಪಟ್ಟಿ, ಪಟ್ಟಿಯ ಸುತ್ತ ಹಳದಿ ಗೆಜ್ಜೆಗಳು. ಎತ್ತರ ಒಂದು ಗೇಣಿಗಿಂತ ಕಡಿಮೆ. ಅದು ನನ್ನ ಅಜ್ಜಿ ತವರಿನಿಂದ ತಂದದ್ದು. ಆ ನಾಯಿಯ ಮೇಲಿನ ಪ್ರೀತಿಯಿಂದಲೇ ನಾನು ಆರು ವರ್ಷಗಳಿಂದ ಕೈಯಲ್ಲಿ ಬಣ್ಣ ಬರೆದ ಪಿಂಗಾಣಿ ಪ್ರಾಣಿಗಳನ್ನು ಕೂಡಿಡುತ್ತಾ ಬಂದಿದ್ದೇನೆ. ಈಗ ಹನ್ನೊಂದು ಆಗಿವೆ.

ನಾಯಿಯ ಪೀಠದ ಹಿಂಬದಿಯಲ್ಲಿ ಮಾಸಿದ ನೀಲಿ ಬಣ್ಣದ ಅಡ್ಡಗೆರೆಗಳಿವೆ. ಅವು ಜರ್ಮನಿಯ ಮೈಸೆನ್ ಕಾರ್ಖಾನೆಯ ಜೋಡಿ ಕತ್ತಿಗಳೆಂದೇ ಮನೆಯವರೆಲ್ಲ ಹೇಳುತ್ತಾ ಬಂದಿದ್ದಾರೆ. ಆದರೆ ಎರಡು ತಿಂಗಳ ಹಿಂದೆ ಅಂತರ್ಜಾಲದಲ್ಲಿ ಒಬ್ಬ ಮಾರಾಟಗಾರರಿಂದ ಒಂದು ಹಸಿರು ಗಿಣಿಯನ್ನು ಕೊಂಡಾಗ ನನ್ನ ನಂಬಿಕೆ ಅಲುಗಿತು. ಅದರ ತಳದಲ್ಲಿ ಜೋಡಿ ಕತ್ತಿ ಅಚ್ಚುಕಟ್ಟಾಗಿಯೇ ಇತ್ತು. ಮನೆಗೆ ಬಂದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ರೆಕ್ಕೆಯ ಗರಿಗಳು ಪತ್ರಿಕೆಯಲ್ಲಿ ಅಚ್ಚಾದ ಚಿತ್ರದಂತೆ ಸಣ್ಣ ಸಣ್ಣ ಚುಕ್ಕೆಗಳಾಗಿ ಕಂಡವು. ಕೈಬರಹದ ಬಣ್ಣವನ್ನು ಖಚಿತವಾಗಿ ಗುರುತಿಸುವುದು ಹೇಗೆ? ಗುರುತನ್ನು ಎಷ್ಟರ ಮಟ್ಟಿಗೆ ನಂಬಬೇಕು? ತಿಳಿದವರು ದಯವಿಟ್ಟು ವಿವರಿಸಬೇಕು.

ಎಲ್ಬೆ ದಂಡೆ, ಡ್ರೆಸ್ಡೆನ್

ಗೊಂಬೆಮನೆಯವರೇ, ನಾನು ಕೆಲಸದ ನಿಮಿತ್ತ ಡ್ರೆಸ್ಡೆನ್‌ಗೆ ಬಂದು ಒಂಬತ್ತು ವರ್ಷಗಳಾದವು. ಮೈಸೆನ್ ಇಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಇಷ್ಟು ವರ್ಷಗಳಲ್ಲಿ ನಾನು ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಗುರುತನ್ನು ಕೊನೆಗೆ ನೋಡಬೇಕು. ಮೊದಲು ಪ್ರಾಣಿಯನ್ನು ನೋಡಬೇಕು, ಆಮೇಲೆ ಕುಂಚವನ್ನು, ಆಮೇಲೆ ಮಣ್ಣನ್ನು. ಅವು ಮೂರೂ ಒಪ್ಪಿಗೆಯಾದ ಮೇಲೆ ತಳವನ್ನು ತಿರುಗಿಸಬೇಕು.

ಇದಕ್ಕೆ ಕಾರಣ ಆ ಗುರುತಿನ ಚರಿತ್ರೆಯಲ್ಲೇ ಇದೆ. ಚೀನಾದವರಂತೆ ಗಟ್ಟಿ ಬಿಳಿ ಪಿಂಗಾಣಿಯನ್ನು ಮಾಡುವ ಗುಟ್ಟು ಯುರೋಪಿನವರಿಗೆ ಬಹುಕಾಲ ಒಲಿದಿರಲಿಲ್ಲ. ಮೈಸೆನ್ ಇರುವ ಸ್ಯಾಕ್ಸನಿ ಪ್ರಾಂತ್ಯದ ಅರಸ ಬಲಶಾಲಿ ಅಗಸ್ಟಸ್, ಚಿನ್ನ ಮಾಡಿಕೊಡುತ್ತೇನೆಂದು ಹೇಳಿಕೊಂಡಿದ್ದ ಬಾಟ್ಗರ್ ಎಂಬ ತರುಣ ರಸವಾದಿಯನ್ನು ಸೆರೆಯಲ್ಲಿಟ್ಟು ಪ್ರಯೋಗ ಮಾಡಿಸಿದ. ಚಿರ್ನ್‌ಹೌಸ್ ಎಂಬ ವಿದ್ವಾಂಸರ ಮಾರ್ಗದರ್ಶನದಲ್ಲಿ ಚಿನ್ನದ ಬದಲು ಪಿಂಗಾಣಿ ಕೈಗೂಡಿತು. 1710ರಲ್ಲಿ ಮೈಸೆನ್‌ನ ಆಲ್ಬ್ರೆಕ್ಟ್ಸ್‌ಬುರ್ಗ್ ಕೋಟೆಯೊಳಗೆ ಕಾರ್ಖಾನೆ ಆರಂಭವಾಯಿತು. ಗುಟ್ಟು ಹೊರಗೆ ಹೋಗಬಾರದೆಂಬುದು ಕೋಟೆಯನ್ನು ಆರಿಸಿದ್ದಕ್ಕೆ ಒಂದು ಕಾರಣ. 1720ರಲ್ಲಿ ವಿಯೆನ್ನಾದಿಂದ ಬಂದ ಚಿತ್ರಕಾರ ಹೆರೋಲ್ಟ್ ಬಣ್ಣಗಳ ಸಂಪತ್ತನ್ನೇ ಕಟ್ಟಿಕೊಟ್ಟರು. ಅದೇ ದಶಕದಲ್ಲಿ, ಸ್ಯಾಕ್ಸನಿಯ ಲಾಂಛನದಿಂದ ತೆಗೆದ ಜೋಡಿ ಕತ್ತಿ ಬಳಕೆಗೆ ಬಂತು.

ಪ್ರಾಣಿಗಳ ಕಥೆ ನಿಜವಾಗಿ ಮೊದಲಾಗುವುದು 1731ರಲ್ಲಿ, ಶಿಲ್ಪಿ ಯೋಹಾನ್ ಯೋವಾಕಿಮ್ ಕೆಂಡ್ಲರ್ ಕಾರ್ಖಾನೆಗೆ ಸೇರಿದ ಮೇಲೆ. ಡ್ರೆಸ್ಡೆನ್‌ನ ಜಪಾನೀ ಅರಮನೆಯನ್ನು ಪಿಂಗಾಣಿಯ ಮೃಗಪಕ್ಷಿಗಳಿಂದ ತುಂಬಬೇಕೆಂದು ಅಗಸ್ಟಸ್ ಆಸೆಪಟ್ಟಿದ್ದ. ಅವೂ ಅಂಗೈಯಲ್ಲಿ ಹಿಡಿಯುವಂಥವಲ್ಲ, ನಿಜವಾದ ಗಾತ್ರದವು. ಕೆಂಡ್ಲರ್ ಅರಸನ ಮೃಗಾಲಯಕ್ಕೆ ಹೋಗಿ ಜೀವಂತ ಪ್ರಾಣಿಗಳನ್ನು ನೋಡಿ ರೂಪ ಕಟ್ಟಿದರು. ಮರಿಗೆ ಹಾಲೂಡಿಸುತ್ತಾ ಕುತ್ತಿಗೆ ತಿರುಗಿಸಿ ಮಲಗಿರುವ ಅವರ ಆಡನ್ನು ನೋಡಿದರೆ, ಆಡು ಸಾಕಿದವರು ಅದರ ಕಣ್ಣಿನ ಆಲಸ್ಯವನ್ನು ತಕ್ಷಣ ಗುರುತಿಸುತ್ತಾರೆ. 1775ರಲ್ಲಿ ಅವರು ತೀರಿಕೊಳ್ಳುವವರೆಗೂ ಅಲ್ಲಿಂದ ಬಂದ ನಾಯಿಗಳು, ಗಿಣಿಗಳು, ಮರಕುಟಿಗಗಳು ಇಂದಿಗೂ ಈ ಕಲೆಯ ಅಳತೆಗೋಲಾಗಿವೆ. ನಿಮ್ಮ ನಾಯಿಯಂಥ ಪಗ್ ಜಾತಿಯ ನಾಯಿಗಳನ್ನು ಅವರು 1740ರ ದಶಕದಲ್ಲಿ ಹಲವು ಬಗೆಯಲ್ಲಿ ಮಾಡಿದರು. ಪೋಪ್ 1738ರಲ್ಲಿ ಕ್ಯಾಥೊಲಿಕರು ಫ್ರೀಮೇಸನ್ ಎಂಬ ಗುಪ್ತ ಸಂಘವನ್ನು ಸೇರುವುದನ್ನು ನಿಷೇಧಿಸಿದ ಮೇಲೆ ಆ ಬಗೆಯ ಇನ್ನೊಂದು ಕೂಟ ಹುಟ್ಟಿಕೊಂಡಿತು. ಅದು ನಿಷ್ಠೆಯ ಸಂಕೇತವಾಗಿ ಪಗ್ ನಾಯಿಯನ್ನೇ ಆರಿಸಿಕೊಂಡದ್ದರಿಂದ ಆ ಗೊಂಬೆಗಳಿಗೆ ಬೇಡಿಕೆ ಇನ್ನಷ್ಟು ಹೆಚ್ಚಿತು.

ಇಷ್ಟು ಹೆಸರು ಬಂದ ಮೇಲೆ ನಕಲುಗಳು ಬಾರದೆ ಇರುತ್ತವೆಯೇ? ಪ್ಯಾರಿಸ್ಸಿನಲ್ಲಿ 1845ರಲ್ಲಿ ಆರಂಭವಾದ ಸ್ಯಾಮ್ಸನ್ ಸಂಸ್ಥೆ ಹಳೆಯ ಪಿಂಗಾಣಿಯ ಪ್ರತಿಗಳನ್ನು ಮಾಡುವುದರಲ್ಲೇ ಹೆಸರಾಗಿತ್ತು. ಡ್ರೆಸ್ಡೆನ್ನಿನಲ್ಲೇ ಹೆಲೆನಾ ವುಲ್ಫ್‌ಸೋನ್ ಅವರ ಬಣ್ಣದ ಕಾರ್ಯಾಗಾರವು ಅರಸ ಅಗಸ್ಟಸ್‌ನ ‘ಎಆರ್’ ಮೊಹರನ್ನೇ ಬಳಸುತ್ತಿತ್ತು. ಮೈಸೆನ್ ಕಾರ್ಖಾನೆ ನ್ಯಾಯಾಲಯಕ್ಕೆ ಹೋಗಿ ಅದನ್ನು ನಿಲ್ಲಿಸಬೇಕಾಯಿತು. ಗಮನಿಸಿ, ಇವರ ಎಷ್ಟೋ ಗೊಂಬೆಗಳ ಬಣ್ಣದ ಕೆಲಸ ನಿಜಕ್ಕೂ ಚೆನ್ನಾಗಿದೆ.

ಈಗ ಕುಂಚದ ವಿಷಯ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಕೊಳ್ಳಿ. ಅಚ್ಚಿನ ಹಾಳೆಯಿಂದ ಅಂಟಿಸಿದ ಚಿತ್ರವಾದರೆ, ನೀವು ಕಂಡಂತೆ, ಚುಕ್ಕೆಗಳು ಸಾಲುಗಟ್ಟಿರುತ್ತವೆ. ಯಂತ್ರದಿಂದ ಸಿಂಪಡಿಸಿದ ಬಣ್ಣವಾದರೆ ಎಲ್ಲಿಯೂ ಗೆರೆಯಿಲ್ಲದೆ ಮಂಜು ಮುಸುಕಿದಂತೆ ಇರುತ್ತದೆ. ಕೈಯಲ್ಲಿ ಬರೆದದ್ದಾದರೆ ಪ್ರತಿಯೊಂದು ಕೂದಲೆಳೆಗೂ ಒಂದು ಆರಂಭ ಮತ್ತು ಒಂದು ಕೊನೆ ಇರುತ್ತದೆ: ಕುಂಚ ತಾಗಿದಲ್ಲಿ ಬಣ್ಣ ದಟ್ಟವಾಗಿ, ಎತ್ತಿಕೊಂಡಲ್ಲಿ ತೆಳುವಾಗಿರುತ್ತದೆ. ಬೆನ್ನಿನಲ್ಲಿ ಹಿಂದಕ್ಕೆ ಹರಿದ ರೋಮ ಭುಜದ ಬಳಿ ಸುಳಿಯಾಗಿ ತಿರುಗಿ ಕಾಲಿನಲ್ಲಿ ಕೆಳಗಿಳಿಯಬೇಕು; ಪ್ರಾಣಿಯನ್ನು ತಿಳಿದ ಚಿತ್ರಕಾರರು ಆ ದಿಕ್ಕನ್ನು ತಪ್ಪಿಸುವುದಿಲ್ಲ. ಕೊನೆಗೆ ಬೆರಳ ತುದಿಯನ್ನು ಮೆಲ್ಲಗೆ ಆಡಿಸಿ. ಮೆರುಗಿನ, ಅಂದರೆ ಪಿಂಗಾಣಿಯ ಮೈಮೇಲಿನ ಗಾಜಿನಂಥ ಲೇಪದ, ಮೇಲೆ ಬರೆದು ಸುಟ್ಟ ಬಣ್ಣ ಕೂದಲಷ್ಟು ಉಬ್ಬಿ ಕೈಗೆ ತಾಗುತ್ತದೆ.

ಮಲ್ಲೇಶ್ವರದ ನಿವೃತ್ತ, ಬೆಂಗಳೂರು

ನಾನು ಗೊಂಬೆಗಳ ಸಂಗ್ರಾಹಕನಲ್ಲ. ಮಲ್ಲೇಶ್ವರದ ವಿದ್ಯುತ್ ಪಿಂಗಾಣಿ ಕಾರ್ಖಾನೆಯಲ್ಲಿ ಇನ್ಸುಲೇಟರ್‌ಗಳನ್ನು ಸುಡುವ ಭಟ್ಟಿಯ ಪಕ್ಕದಲ್ಲೇ ಮೂವತ್ತು ವರ್ಷ ಕಳೆದವನು. ಕಂಬದ ಮೇಲಿನ ಇನ್ಸುಲೇಟರ್ ಮತ್ತು ಕಪಾಟಿನ ಗಿಣಿ ಮೂಲತಃ ಒಂದೇ ಕುಲದವು. ಬಿಳಿ ಜೇಡಿಮಣ್ಣಾದ ಕೇಯೋಲಿನ್, ಫೆಲ್ಡ್‌ಸ್ಪಾರ್ ಎಂಬ ಖನಿಜ ಮತ್ತು ಬೆಣಚುಕಲ್ಲಿನ ಪುಡಿ, ಈ ಮೂರೇ ಅವುಗಳ ಮೈ. ‘ಮಣ್ಣನ್ನು ನೋಡಬೇಕು’ ಎಂದು ಎಲ್ಬೆ ದಂಡೆಯವರು ಬರೆದು ಅಲ್ಲಿಗೇ ಬಿಟ್ಟಿದ್ದಾರೆ. ಆ ಭಾಗವನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗಟ್ಟಿ ಪಿಂಗಾಣಿಯ ಗೊಂಬೆಯನ್ನು ಮೆರುಗಿನೊಂದಿಗೆ ಸುಮಾರು 1400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಆ ಶಾಖದಲ್ಲಿ ಅದು ಉದ್ದ, ಅಗಲ, ಎತ್ತರಗಳಲ್ಲಿ ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ ಮತ್ತು ಒಂದು ಹಂತದಲ್ಲಿ ಮೆತ್ತಗಾಗಿ ಕುಸಿಯಲು ನೋಡುತ್ತದೆ. ನಾಲ್ಕು ತೆಳುಗಾಲಿನ ಮೇಲೆ ಭಾರದ ಹೊಟ್ಟೆಯನ್ನು ಹೊತ್ತ ಕುದುರೆಯೋ ಜಿಂಕೆಯೋ ಭಟ್ಟಿಯಲ್ಲಿ ನಿಲ್ಲುವುದಾದರೂ ಹೇಗೆ? ಅದಕ್ಕಾಗಿಯೇ ಹಳೆಯ ಪ್ರಾಣಿಗಳ ಹೊಟ್ಟೆಯ ಕೆಳಗೆ ಒಂದು ಮರದ ಬೊಡ್ಡೆ, ಒಂದು ಬಂಡೆ ಅಥವಾ ಹೂವಿನ ಪೊದೆ ಇರುತ್ತದೆ. ನೋಡುವವರಿಗೆ ಅದು ಕಾಡಿನ ಅಲಂಕಾರ, ಭಟ್ಟಿಯವನಿಗೆ ಅದು ಊರುಗೋಲು. ಒಂದು ಪ್ರಾಣಿಯ ತಲೆ, ಕಿವಿ, ಕಾಲು, ಬಾಲಗಳನ್ನು ಬೇರೆ ಬೇರೆ ಅಚ್ಚಿನಲ್ಲಿ ತೆಗೆದು, ಅದೇ ಮಣ್ಣಿನ ತೆಳು ಗಂಜಿಯಿಂದ ಅಂಟಿಸಿ, ಸಂದುಗಳನ್ನು ಕೈಯಿಂದ ತಿದ್ದುತ್ತಾರೆ. ಒಳ್ಳೆಯ ಕೆಲಸವಾದರೆ ಅಚ್ಚಿನ ಗೆರೆ ಎಲ್ಲಿಯೂ ಉಳಿದಿರುವುದಿಲ್ಲ. ಕಿವಿಯ ಹಿಂಭಾಗ ಮತ್ತು ಕಾಲುಗಳ ಒಳಭಾಗ ನೋಡಿದರೆ ಕೆಲಸಗಾರರು ಎಷ್ಟು ತಾಳ್ಮೆ ತೋರಿದ್ದಾರೆಂದು ತಿಳಿಯುತ್ತದೆ. ತಳದಲ್ಲೋ ಮರೆಯಲ್ಲೋ ಒಂದು ಸಣ್ಣ ತೂತು ಕಂಡರೆ ಅದನ್ನು ದೋಷವೆಂದು ತಿಳಿಯಬೇಡಿ. ಒಳಗಿನ ಬಿಸಿಗಾಳಿ ಹೊರಹೋಗಲು ದಾರಿಯಿಲ್ಲದಿದ್ದರೆ ಟೊಳ್ಳು ಗೊಂಬೆ ಭಟ್ಟಿಯಲ್ಲೇ ಒಡೆದು ಹೋಗುತ್ತದೆ.

ಇನ್ನೊಂದು ಮಾತು. ಸುಡುವಾಗ ಬಿದ್ದ ಬಿರುಕು ಬೇರೆ, ಆಮೇಲೆ ಕೈಜಾರಿ ಬಂದ ಬಿರುಕು ಬೇರೆ. ಭಟ್ಟಿಯ ಬಿರುಕು ಅಗಲವಾಗಿ ಬಾಯಿ ತೆರೆದಿರುತ್ತದೆ, ಅಂಚುಗಳು ಕರಗಿ ದುಂಡಗಾಗಿರುತ್ತವೆ, ಮೆರುಗು ಒಳಗೂ ಇಳಿದಿರುತ್ತದೆ. ಆಮೇಲಿನದು ಕೂದಲೆಳೆಯಂತೆ ಚೂಪಾಗಿದ್ದು ಧೂಳು ತುಂಬಿ ಕಂದಾಗಿರುತ್ತದೆ. ಮೊದಲನೆಯದು ಹುಟ್ಟಿನ ಮಚ್ಚೆ. ಅದಕ್ಕಾಗಿ ಒಳ್ಳೆಯ ಗೊಂಬೆಯನ್ನು ಬಿಟ್ಟುಬಿಡಬಾರದು.

ಎಲ್ಬೆ ದಂಡೆ, ಡ್ರೆಸ್ಡೆನ್

ನಿವೃತ್ತರೇ, ನೀವು ಹೇಳಿದ್ದನ್ನು ಇಲ್ಲಿನ ಟ್ಸ್ವಿಂಗರ್ ಅರಮನೆಯ ಪಿಂಗಾಣಿ ಸಂಗ್ರಹಾಲಯದಲ್ಲಿ ಕಣ್ಣಾರೆ ಕಾಣಬಹುದು. ಅಲ್ಲಿನ ದೊಡ್ಡ ಪ್ರಾಣಿಗಳ ಮೈಮೇಲೆ ಬೆರಳು ಹೋಗುವಷ್ಟು ಬಿರುಕುಗಳಿವೆ. ಇನ್ನೊಮ್ಮೆ ಭಟ್ಟಿಗಿಟ್ಟರೆ ಪೂರ್ತಿ ಸೀಳಿಹೋಗಬಹುದೆಂಬ ಭಯದಿಂದ ಅವುಗಳಿಗೆ ಸುಡದ ಬಣ್ಣವನ್ನೇ ಹಚ್ಚಿದ್ದರು. ಆ ಬಣ್ಣ ಕಾಲಕ್ರಮದಲ್ಲಿ ಹೋಯಿತು; ಇಂದು ಅವುಗಳಲ್ಲಿ ಹೆಚ್ಚಿನವು ಬಿಳಿಯಾಗಿವೆ.

ಜಯನಗರದ ಗೃಹಿಣಿ

ನನ್ನದೊಂದು ಸಂದೇಹ. ನಮ್ಮದು ಕಟ್ಟುನಿಟ್ಟಿನ ಸಸ್ಯಾಹಾರಿ ಮನೆ. ಪಿಂಗಾಣಿಯಲ್ಲಿ ಮೂಳೆಯ ಪುಡಿ ಸೇರಿಸುತ್ತಾರೆಂದು ಕೇಳಿ, ಅತ್ತೆಯವರು ಅಂಥ ಗೊಂಬೆಗಳನ್ನು ದೇವರ ಮುಂದಿನ ಮೆಟ್ಟಿಲಿನಲ್ಲಿ ಇಡಬಾರದೆಂದು ಹೇಳುತ್ತಾರೆ. ಇದು ನಿಜವೇ?

ಮಲ್ಲೇಶ್ವರದ ನಿವೃತ್ತ, ಬೆಂಗಳೂರು

ನಿಮ್ಮ ಅತ್ತೆಯವರ ಮಾತು ಬೋನ್ ಚೈನಾ ಎಂಬ ಒಂದು ಬಗೆಗೆ ಮಾತ್ರ ನಿಜ, ತಾಯಿ. ಇಂಗ್ಲೆಂಡಿನಲ್ಲಿ ಬೆಳೆದ ಆ ಬಗೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸುಟ್ಟ ದನದ ಮೂಳೆಯ ಬೂದಿಯೇ ಇರುತ್ತದೆ. ಮೈಸೆನ್, ಕೋಪನ್‌ಹೇಗನ್, ಹಂಗೇರಿಯ ಹೆರೆಂಡ್ ಮೊದಲಾದವುಗಳದ್ದು ಗಟ್ಟಿ ಪಿಂಗಾಣಿ. ಅದರ ಮಣ್ಣಿಗೆ ಮೂಳೆ ಸೇರಿಸುವುದಿಲ್ಲ. ಇಂಗ್ಲೆಂಡಿನ ಪಕ್ಷಿಗಳನ್ನು ಕೊಳ್ಳುವಾಗ ಮಾತ್ರ ವಿಚಾರಿಸಿ ಕೊಳ್ಳಿ.

ಒರೆಸುಂಡ್ ಕನ್ನಡತಿ, ಕೋಪನ್‌ಹೇಗನ್

ಎಲ್ಬೆ ದಂಡೆಯವರ ಬರಹವನ್ನು ಸಂತೋಷದಿಂದ ಓದಿದೆ. ಆದರೆ ಬೆರಳ ತುದಿಯ ಪರೀಕ್ಷೆಯನ್ನು ಎಲ್ಲ ಗೊಂಬೆಗಳಿಗೂ ಹಿಡಿದರೆ ನಮ್ಮ ಊರಿನ ಉತ್ತಮ ಕೆಲಸವೆಲ್ಲ ಅನುತ್ತೀರ್ಣವಾಗುತ್ತದೆ ಎಂಬುದನ್ನು ಹೇಳಲೇಬೇಕು.

ರಾಯಲ್ ಕೋಪನ್‌ಹೇಗನ್ ಕಾರ್ಖಾನೆ 1775ರಲ್ಲಿ ಆರಂಭವಾಯಿತು. ಅದರ ಗುರುತಿನ ಮೂರು ಅಲೆಗೆರೆಗಳು ಡೆನ್ಮಾರ್ಕಿನ ಮೂರು ಜಲಸಂಧಿಗಳನ್ನು ಸೂಚಿಸುತ್ತವೆ. 1885ರಲ್ಲಿ ಕಲಾ ನಿರ್ದೇಶಕರಾಗಿ ಬಂದ ಆರ್ನಾಲ್ಡ್ ಕ್ರೋಗ್ ಮೆರುಗಿನ ಕೆಳಗೆ ಬರೆಯುವ ದಾರಿಯನ್ನು ಹಿಡಿದರು. ಅಲ್ಲಿ ಚಿತ್ರಕಾರರು ಮೊದಲು ಬಣ್ಣ ಬರೆಯುತ್ತಾರೆ, ಅದರ ಮೇಲೆ ಮೆರುಗಿನ ಲೇಪ ಬೀಳುತ್ತದೆ, ಎರಡೂ ಒಟ್ಟಿಗೆ ದೊಡ್ಡ ಶಾಖದಲ್ಲಿ ಬೇಯುತ್ತವೆ. ಅಷ್ಟು ಶಾಖವನ್ನು ತಡೆದುಕೊಳ್ಳುವ ಬಣ್ಣಗಳು ಬೆರಳೆಣಿಕೆಯಷ್ಟೇ: ಕೋಬಾಲ್ಟ್‌ನ ನೀಲಿ, ಕ್ರೋಮಿಯಂನ ಹಸಿರು, ಒಂದು ಮಾಸಲು ಕಂದು, ಇವುಗಳ ಬೆರಕೆಯಿಂದ ಬರುವ ಬೂದು. ಇಲ್ಲಿನ ಹಿಮಕರಡಿ, ಬಾತುಕೋಳಿ, ಗೂಬೆ, ನಾಯಿಮರಿಗಳೆಲ್ಲ ಮುಂಜಾನೆಯ ಮಂಜಿನಲ್ಲಿ ನಿಂತಂತೆ ಕಾಣುವುದು ಇದರಿಂದಲೇ. ಬೆರಳಿಗೆ ಗಾಜಿನ ನುಣುಪಲ್ಲದೆ ಏನೂ ತಾಗುವುದಿಲ್ಲ, ಗೆರೆಯ ಅಂಚು ಮೆರುಗಿನೊಳಗೆ ಸ್ವಲ್ಪ ಕರಗಿರುತ್ತದೆ. ಅದನ್ನು ಯಂತ್ರದ ಸಿಂಪಡಿಕೆ ಎಂದು ತಿಳಿದು ಎಷ್ಟೋ ಜನ ಕೈಬಿಡುತ್ತಾರೆ.

ನನ್ನ ಬಳಿ ಒಂದು ಪುಟ್ಟ ಗುಬ್ಬಿ ಇದೆ. ಅದರ ಎದೆಯ ಬೂದು ಬಣ್ಣ ಒಂದೇ ಎಂದು ಬಹಳ ದಿನ ನಂಬಿದ್ದೆ. ಒಂದು ಮಧ್ಯಾಹ್ನ ಬಿಸಿಲು ಓರೆಯಾಗಿ ಬಿದ್ದಾಗ ಭೂತಗನ್ನಡಿಯಲ್ಲಿ ನೋಡಿದೆ: ಕೊಕ್ಕಿನ ಕೆಳಗೆ ನೀಲಿಗೆ ಹತ್ತಿರವಾಗಿ ಮೊದಲಾದ ಬೂದು ಹೊಟ್ಟೆಯ ಕಡೆಗೆ ಬರುತ್ತಾ ಕಂದಿಗೆ ತಿರುಗಿ, ಕಾಲಿನ ಬಳಿ ಬರಿಯ ಬಿಳಿಯಾಗಿ ಬಿಟ್ಟುಹೋಗಿತ್ತು. ಆ ಬಿಳಿ ಬಣ್ಣವೇ ಅಲ್ಲ, ಪಿಂಗಾಣಿಯದೇ ಮೈ. ಎಲ್ಲಿ ಬರೆಯಬಾರದು ಎಂಬುದನ್ನು ಚಿತ್ರಕಾರರು ಅಷ್ಟು ಚೆನ್ನಾಗಿ ತಿಳಿದಿದ್ದರು. ಈ ಕಾರ್ಖಾನೆಯ ಗೊಂಬೆಗಳಿಗೆ 1935ರಿಂದ ಗುರುತಿನ ಅಕ್ಷರಗಳ ಮೇಲೋ ಕೆಳಗೋ ಒಂದು ಸಣ್ಣ ಗೆರೆ ಇರುತ್ತದೆ, ಅದರಿಂದ ವರ್ಷವನ್ನು ಲೆಕ್ಕ ಹಾಕಬಹುದು. ಹೊಸದಾಗಿ ಸಂಗ್ರಹ ಆರಂಭಿಸುವವರಿಗೆ ಇದೊಂದು ಅನುಕೂಲ.

ಎಲ್ಬೆ ದಂಡೆ, ಡ್ರೆಸ್ಡೆನ್

ಒರೆಸುಂಡ್ ಕನ್ನಡತಿಯವರ ತಿದ್ದುಪಡಿಯನ್ನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಬೆರಳಿನ ಪರೀಕ್ಷೆ ಮೆರುಗಿನ ಮೇಲಿನ ಬಣ್ಣಕ್ಕೆ ಮಾತ್ರ.

ಪ್ರಾಣಿಯನ್ನು ಮೊದಲು ನೋಡಬೇಕೆಂದು ನಾನು ಹೇಳಿದ್ದಕ್ಕೆ ನಮ್ಮ ದೇಶಕ್ಕೇ ಸಂಬಂಧಿಸಿದ ಒಂದು ಉದಾಹರಣೆ ಇದೆ. ಗುಜರಾತಿನ ಸುಲ್ತಾನ ಎರಡನೆಯ ಮುಜಫ್ಫರ್ ಕೊಟ್ಟ ಒಂದು ಘೇಂಡಾಮೃಗವನ್ನು ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್ 1515ರಲ್ಲಿ ಗೋವೆಯಿಂದ ಹಡಗಿನಲ್ಲಿ ಲಿಸ್ಬನ್‌ಗೆ ಕಳುಹಿಸಿದ. ಜರ್ಮನ್ ಕಲಾವಿದ ಡ್ಯೂರರ್ ಅದನ್ನು ಕಣ್ಣಿನಿಂದ ನೋಡದೆ, ಬೇರೆಯವರ ರೇಖಾಚಿತ್ರ ಮತ್ತು ವರ್ಣನೆಯ ಆಧಾರದಿಂದ ಮರದಚ್ಚಿನ ಚಿತ್ರ ಮಾಡಿದರು. ಅದರಲ್ಲಿ ಚರ್ಮದ ಮಡಿಕೆಗಳು ಯೋಧನ ಕವಚದ ತಗಡುಗಳಂತಿವೆ, ಹೆಗಲ ಮೇಲೆ ಇಲ್ಲದ ಒಂದು ಪುಟ್ಟ ಕೊಂಬೂ ಇದೆ. ಇನ್ನೂರು ವರ್ಷಗಳ ನಂತರ ಮೈಸೆನ್‌ನ ಕಿರ್ಷ್ನರ್ ಎಂಬ ಶಿಲ್ಪಿ ಜಪಾನೀ ಅರಮನೆಗಾಗಿ ಘೇಂಡಾಮೃಗ ಮಾಡಿದಾಗ ಅದೇ ಕವಚ, ಅದೇ ಹುಸಿ ಕೊಂಬು ಪಿಂಗಾಣಿಗೂ ಬಂದವು. 1741ರಲ್ಲಿ ಬಂಗಾಳದಿಂದ ಡಚ್ಚರ ಹಡಗಿನಲ್ಲಿ ಕ್ಲಾರಾ ಎಂಬ ಹೆಣ್ಣು ಘೇಂಡಾಮೃಗ ಯುರೋಪಿಗೆ ಬಂತು. 1747ರಲ್ಲಿ ಅದು ಡ್ರೆಸ್ಡೆನ್‌ಗೆ ಬಂದಾಗ ಕೆಂಡ್ಲರ್ ಜೀವಂತ ಪ್ರಾಣಿಯನ್ನೇ ಕಂಡರು. ಗುರುತು ನೋಡಿ ಕೊಳ್ಳುವವರಿಗೆ ಕಿರ್ಷ್ನರ್ ಅವರ ರೂಪವೂ ಕೆಂಡ್ಲರ್ ಅವರ ರೂಪವೂ ಮೈಸೆನ್ನೇ. ಪ್ರಾಣಿಯನ್ನು ನೋಡಿ ಕೊಳ್ಳುವವರು ಹೆಗಲ ಮೇಲಿನ ಆ ಕೊಂಬನ್ನು ಹುಡುಕುತ್ತಾರೆ, ರೂಪ ಎಲ್ಲಿಂದ ಬಂತೆಂಬುದು ಅಲ್ಲಿಯೇ ತಿಳಿಯುತ್ತದೆ. ಹುಸಿ ಕೊಂಬಿನದೇ ನನಗೆ ಹೆಚ್ಚು ಪ್ರಿಯ. ಕಾಣದ ಪ್ರಾಣಿಯನ್ನು ಅಷ್ಟು ಗೌರವದಿಂದ ಕಲ್ಪಿಸಿಕೊಂಡದ್ದು ಸಣ್ಣ ಮಾತಲ್ಲ.

ಗೊಂಬೆಮನೆ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಒಂದು ವಾರ ಕಾದು, ಭೂತಗನ್ನಡಿ ತರಿಸಿಕೊಂಡು, ನಿನ್ನೆ ಬೆಳಿಗ್ಗೆ ಹಜಾರದ ಕಿಟಕಿಯ ಬಳಿ ನಾಯಿಯನ್ನು ಟವೆಲಿನ ಮೇಲೆ ಇಟ್ಟುಕೊಂಡು ಕುಳಿತೆ.

ಹಣೆಯ ಸುಕ್ಕುಗಳ ಒಳಗೆ ಕಪ್ಪು ಗೆರೆಗಳಿವೆ, ಆದರೆ ಒಂದೂ ಸುಕ್ಕಿನ ನಡುವಿನಲ್ಲಿ ನೇರವಾಗಿಲ್ಲ. ಮೇಲಂಚಿನಲ್ಲಿ ದಟ್ಟವಾಗಿದ್ದು ಕೆಳಗೆ ಚದುರಿವೆ, ಹಾಗಾಗಿ ಹಣೆಯ ಮೇಲೆ ನಿಜವಾಗಿಯೇ ನೆರಳು ಬಿದ್ದಂತಿದೆ. ಕಣ್ಣಿನ ಕಂದು ವೃತ್ತದೊಳಗೆ ಮೂರು ಬಣ್ಣಗಳಿವೆ. ಹೊಳಪಿನ ಚುಕ್ಕೆಯನ್ನು ಬಿಳಿ ಬಣ್ಣದಿಂದ ಇಟ್ಟಿಲ್ಲ, ಪಿಂಗಾಣಿಯನ್ನೇ ಬರೆಯದೆ ಬಿಟ್ಟಿದ್ದಾರೆ. ಹೊಟ್ಟೆಯ ಅಡಿಯಲ್ಲಿ, ಯಾರೂ ನೋಡದ ಜಾಗದಲ್ಲಿ, ರೋಮದ ಎಳೆಗಳು ಒಂದೊಂದಾಗಿ ಬಂದು ನಿಂತಿವೆ. ಗೆಜ್ಜೆಗಳನ್ನು ಎಣಿಸಿದೆ: ಒಂಬತ್ತು. ಅದರಲ್ಲಿ ಒಂದರ ಹಳದಿ ಪಟ್ಟಿಯ ನೀಲಿಯ ಮೇಲೆ ತುಸು ಹರಿದಿದೆ.

ಆಮೇಲೆ ಪೀಠದ ಹಿಂಬದಿಯನ್ನು ನೋಡಿದೆ. ಅವು ಜೋಡಿ ಕತ್ತಿಗಳಲ್ಲ. ಎರಡು ಸಮಾನಾಂತರ ಗೆರೆಗಳನ್ನು ಮೂರನೆಯದೊಂದು ಗೆರೆ ಅಡ್ಡ ಹಾಯ್ದಿದೆ. ಬಲಗಿವಿಯ ಬಣ್ಣ ಎಡಗಿವಿಗಿಂತ ಮಂಕಾಗಿ, ಮುಟ್ಟಿದರೆ ಅಷ್ಟು ತಣ್ಣಗಿಲ್ಲ ಎನ್ನಿಸಿತು. ಇದರ ಅರ್ಥವೇನು?

ಎಲ್ಬೆ ದಂಡೆ, ಡ್ರೆಸ್ಡೆನ್

ಎರಡು ಗೆರೆ, ಅಡ್ಡ ಮೂರನೆಯದು ಎಂದರೆ ತುರಿಂಗಿಯಾ ಪ್ರಾಂತ್ಯದ ಝಿಟ್ಸೆನ್‌ಡಾರ್ಫ್ ಕಾರ್ಖಾನೆಯ ಗುರುತನ್ನು ಹೋಲುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಭಾಗದ ಕಾರ್ಖಾನೆಗಳು ಮೈಸೆನ್ ಶೈಲಿಯ ಗೊಂಬೆಗಳನ್ನು ಮಾಡುತ್ತಿದ್ದವು. ಆದ್ದರಿಂದ ನಿಮ್ಮ ನಾಯಿ ಕೆಂಡ್ಲರ್ ಕಾಲದ್ದಲ್ಲ. ಆದರೆ ನೀವು ವರ್ಣಿಸಿದ ಕಣ್ಣು ಮತ್ತು ಹೊಟ್ಟೆಯ ರೋಮ ಕೈತಿಳಿದ ಚಿತ್ರಕಾರರದ್ದು. ಬಲಗಿವಿ ಯಾವಾಗಲೋ ಮುರಿದು ಅಂಟಿಸಿದ್ದಿರಬೇಕು. ಅಂಟು ಮತ್ತು ಮೇಲುಬಣ್ಣ ಪಿಂಗಾಣಿಯಷ್ಟು ತಣ್ಣಗಿರುವುದಿಲ್ಲ. ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ದೀಪ ಹಿಡಿದರೆ ರಿಪೇರಿಯಾದ ಭಾಗ ಸಾಮಾನ್ಯವಾಗಿ ಬೇರೆಯಾಗಿ ಹೊಳೆಯುತ್ತದೆ.

ಮಲ್ಲೇಶ್ವರದ ನಿವೃತ್ತ, ಬೆಂಗಳೂರು

ಅಂಟಿಸಿದ ಕಿವಿಯಿರುವುದರಿಂದ ಅದನ್ನು ನೀರಿನಲ್ಲಿ ಮುಳುಗಿಸಬೇಡಿ, ಬಿಸಿನೀರನ್ನಂತೂ ತಾಗಿಸಲೇಬೇಡಿ. ಮೃದುವಾದ ಒಣ ಕುಂಚದಿಂದ ಧೂಳು ತೆಗೆದು, ಬೇಕಾದರೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಎತ್ತುವಾಗ ತಲೆಯನ್ನೋ ಬಾಲವನ್ನೋ ಹಿಡಿಯದೆ ಪೀಠದ ಕೆಳಗೆ ಎರಡೂ ಕೈ ಕೊಡಿ. ದಸರೆಯಲ್ಲಿ ದೀಪದ ಹೊಗೆ ತಾಗದಷ್ಟು ದೂರವಿರಲಿ.

ಒರೆಸುಂಡ್ ಕನ್ನಡತಿ, ಕೋಪನ್‌ಹೇಗನ್

ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ, ಏಕೆಂದರೆ ಅಜ್ಜಿಯ ಮನೆಯ ಗೊಂಬೆಗಳನ್ನು ಸೂಟ್‌ಕೇಸಿನಲ್ಲಿ ಇಲ್ಲಿಗೆ ತರಬೇಕೆಂದು ಬಯಸುವವರು ನನ್ನ ಪರಿಚಯದಲ್ಲೇ ಇದ್ದಾರೆ. ಭಾರತದಲ್ಲಿ 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ವಯಸ್ಸಿನ ಬಗ್ಗೆ ಸಂದೇಹವಿದ್ದರೆ ಪುರಾತತ್ವ ಇಲಾಖೆಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ಗೊಂಬೆಮನೆ, ಮೈಸೂರು

ನಾಯಿ ಎಲ್ಲಿಗೂ ಹೋಗುವುದಿಲ್ಲ, ಮೈಸೂರಿನಲ್ಲೇ ಇರುತ್ತದೆ. ಕಿವಿಯ ವಿಷಯವನ್ನು ತಾಯಿಯವರಲ್ಲಿ ಕೇಳಿದೆ. ಅವರು ಏಳು ವರ್ಷದವರಾಗಿದ್ದಾಗ ಗೊಂಬೆ ಇಳಿಸುವ ದಿನ ಅದನ್ನು ಕೈಜಾರಿಸಿದ್ದರಂತೆ. ತಾತ ಆ ರಾತ್ರಿಯೇ ಅಂಟಿಸಿ, ಮರುದಿನ ಅಂಗಡಿಯಿಂದ ಒಂದು ಡಬ್ಬಿ ಬಣ್ಣ ತಂದು ತಾವೇ ಬಳಿದರಂತೆ. ಗಿಣಿಯನ್ನು ಮಾರಾಟಗಾರರಿಗೆ ಹಿಂದಿರುಗಿಸಿದ್ದೇನೆ. ಬಲಗಿವಿಯ ಬಣ್ಣವನ್ನು ತೆಗೆಸಿ ಹೊಸದಾಗಿ ಮಾಡಿಸಬೇಕೆಂದು ಮೊನ್ನೆಯವರೆಗೂ ಯೋಚಿಸುತ್ತಿದ್ದೆ. ಈಗ ಅದನ್ನು ಹಾಗೆಯೇ ಬಿಡುತ್ತೇನೆ.